ಮೂರನೆಯ ಸೀನು

ಪಿಕಪ್ ಗಾಡಿಯನ್ನು ಹಳೆಯದು ಕೊಳ್ಳಬೇಕೋ ಹೊಸದು ಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕಡೆಗೆ ತೀರ್ಮಾನಿಸಿದ್ದು ಮೂರು ಮೂಗುಗಳು. ಅವುಗಳಲ್ಲಿ ಒಂದು ನನ್ನದು. ಆದ್ದರಿಂದ ಈ ವಿಷಯದಲ್ಲಿ ಸಾಕ್ಷಿ ನುಡಿಯುವ ಹಕ್ಕು ನನಗೆ ಪೂರ್ತಿಯಾಗಿ ಇದೆ ಎಂದು ನಂಬಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರಾಣೆಬೆನ್ನೂರಿನಲ್ಲಿ ಅಪ್ಪನದೊಂದು ಮಂಡಕ್ಕಿ ಭಟ್ಟಿ. ಉಪ್ಪುನೀರು ಕುಡಿದ ಅಕ್ಕಿಯನ್ನು ಕಾದ ಉಸುಕಿಗೆ ಹಾಕಿ ಕೈಯಾಡಿಸಿದರೆ ಒಂದೇ ಉಸಿರಿಗೆ ಉಬ್ಬಿ ಮಂಡಕ್ಕಿಯಾಗುತ್ತಿತ್ತು. ಆ ಮಂಡಕ್ಕಿಯನ್ನು ಚೀಲಕ್ಕೆ ತುಂಬಿ ಹಾವೇರಿಗೆ ಕಳಿಸಿದರೆ ಅಲ್ಲಿ ಇಳಿಯುವಷ್ಟರಲ್ಲಿ ಅದು ಚುರುಮರಿಯಾಗಿರುತ್ತಿತ್ತು. ಮಾಲು ಅದೇ, ಚೀಲ ಅದೇ. ಮೋಟೆಬೆನ್ನೂರು ದಾಟಿದ ಮೇಲೆ ಎಲ್ಲೋ ಒಂದು ಕಡೆ ಹೆಸರು ಮಾತ್ರ ಬದಲಾಗುತ್ತಿತ್ತು. ಆ ಜಾಗ ಯಾವುದೆಂದು ಕಂಡುಹಿಡಿಯಲು ನಾನು ಎಷ್ಟೋ ಸಲ ಚೀಲದ ಮೇಲೆ ಕೂತು ಎಚ್ಚರದಿಂದ ಪ್ರಯಾಣ ಮಾಡಿದ್ದೇನೆ. ಗೊತ್ತಾಗಿಲ್ಲ.

ಮಂಡಕ್ಕಿಗೆ ಇರುವುದು ಒಂದೇ ಗುಣ: ಗರಿಗರಿ. ಆ ಗುಣಕ್ಕೆ ಇರುವುದು ಒಬ್ಬನೇ ಶತ್ರು: ತೇವ. ನಮಗೆ ಸ್ವಂತ ಗಾಡಿ ಇರಲಿಲ್ಲ. ಬಾಡಿಗೆ ಟೆಂಪೋದವನಿಗೆ ಮನಸ್ಸು ಬಂದ ದಿನ ಅವನ ಗಾಡಿಯಲ್ಲಿ, ಮನಸ್ಸು ಬಾರದ ದಿನ ಬಸ್ಸಿನ ತಲೆಯ ಮೇಲೆ ಮಾಲು ಹೋಗುತ್ತಿತ್ತು. ಎಷ್ಟು ತಾಡಪತ್ರಿ ಹೊದಿಸಿದರೂ ಮಳೆಗಾಲದ ಜಿಟಿಜಿಟಿ ಹನಿ ಯಾವುದೋ ಸಂದಿನಿಂದ ಒಳಗೆ ಇಳಿದು, ಚೀಲದ ಮಂಡಕ್ಕಿಯನ್ನು ಹತ್ತಿಯಂತೆ ಮೆತ್ತಗೆ ಮಾಡಿಬಿಡುತ್ತಿತ್ತು.

ನಮ್ಮ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾವೇರಿಯ ಒಂದೇ ಅಂಗಡಿಗೆ ಹೋಗುತ್ತಿತ್ತು. ಆ ಅಂಗಡಿಯ ಯಜಮಾನರು ಮಾಲನ್ನು ಕಿವಿಯಿಂದ ಪರೀಕ್ಷಿಸುವವರು. ಚೀಲದೊಳಗಿಂದ ಒಂದು ಮುಷ್ಟಿ ತೆಗೆದು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಸುಕುತ್ತಿದ್ದರು. ಆ ವರ್ಷ ಮುಂಗಾರು ಶುರುವಾದ ಹೊಸತರಲ್ಲಿ ಹಾಗೆ ಹಿಸುಕಿ, ತುಸು ಹೊತ್ತು ಆಲಿಸಿ, ತಲೆ ಅಲ್ಲಾಡಿಸಿದರು.

“ಏನ್ರೀ ಇದು, ಚುರುಮರಿ ಮಾತಾಡವಲ್ದು.”

“ಮಳಿ ನೋಡ್ರಿ ಯಜಮಾನ್ರ...” ಎಂದ ಅಪ್ಪ.

“ಮಳಿ ನಿಮ್ಮೂರಾಗಷ್ಟ ಬರ್ತೈತೇನು? ಹ್ವಾದ ವರ್ಷ ಪಂಚಮಿಗೂ ಹಿಂಗ ಮೂಕ ಚುರುಮರಿ ಕೊಟ್ರಿ. ಹೆಣ್ಣಮಕ್ಕಳು ತವರಿಗೆ ಬಂದಾಗ ಮೆತ್ತನ್ನ ಚುರುಮರಿ ತಿನಸ್ಲೇನು? ಈ ಪಂಚಮಿಗೆ ಮಾತಾಡಲಿಲ್ಲಂದ್ರ ನಾ ದಾವಣಗೇರಿಯಿಂದ ತರಸ್ತೇನಿ. ಆಮ್ಯಾಲ ಬ್ಯಾಸರಾ ಮಾಡ್ಕೋಬ್ಯಾಡ್ರಿ.”

ಅಪ್ಪ ಊರಿಗೆ ಬಂದು ಊಟ ಮುಗಿಸಿ, ಕೈ ತೊಳೆದುಕೊಂಡು, ನ್ಯಾಯಾಧೀಶನಂತೆ ಪಡಸಾಲೆಯ ಕಂಬಕ್ಕೆ ಒರಗಿ ಕೂತ. “ಬಾಡಿಗಿ ಸಾಕು. ಸ್ವಂತದ್ದೊಂದು ಪಿಕಪ್ ತಗೊಳ್ಳೂಣು” ಎಂದ. ಹಾವೇರಿಯ ಅಂಗಡಿ ಕೈತಪ್ಪಿದರೆ ಭಟ್ಟಿಯ ಎರಡು ಒಲೆಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೀಗಾಗಿ ಪಿಕಪ್ ಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯ ಬರಲಿಲ್ಲ. ಬಂದದ್ದು ಎಂಥದ್ದು ಬೇಕೆಂಬ ಬಗ್ಗೆ.

ಅಪ್ಪ ಹಳೆಯದರ ಪಕ್ಷ. ಅವ್ವ ಹೊಸದರ ಪಕ್ಷ. ನಾನು ಅವ್ವನ ಪಕ್ಷ ಸೇರಿದೆ. ತತ್ತ್ವಕ್ಕಾಗಿ ಅಲ್ಲವೇ ಅಲ್ಲ. ಬಿ.ಕಾಂ. ಮುಗಿಸಿ ಗಾಡಿ ಬಿಡುವ ಲೈಸೆನ್ಸು ಮಾಡಿಸಿಕೊಂಡಿದ್ದೆ, ಬರುವ ಗಾಡಿಯನ್ನು ಬಿಡುವವನು ನಾನೇ ಎಂಬುದು ನಿಶ್ಚಯವಾಗಿತ್ತು. ವಿಚಾರಿಸಿಕೊಂಡು ಬಾ ಎಂದು ನನ್ನನ್ನು ಹುಬ್ಬಳ್ಳಿಯ ಶೋರೂಮಿಗೆ ಕಳಿಸಿದ್ದರು. ಅಲ್ಲಿ ಹೊಸ ಪಿಕಪ್ಪಿನ ಸೀಟಿನ ಮೇಲೆ ಕೂತೆ. ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ಕು ಚರ್ ಚರ್ ಎಂದಿತು. ಅದರ ವಾಸನೆ ಮೂಗಿಗೆ ಹೋದ ಮೇಲೆ ನನಗೆ ಬೇರೆ ವಾದದ ಅಗತ್ಯ ಉಳಿಯಲಿಲ್ಲ. ಶೋರೂಮಿನವರು ಹೇಳಿದ್ದು ಇಷ್ಟು: ಬುಕ್ ಮಾಡಿದರೆ ಗಾಡಿ ಪಂಚಮಿಯೊಳಗೆ ಬಂದರೂ ಬರಬಹುದು, ಬರದಿದ್ದರೆ ದಸರಾಕ್ಕಂತೂ ಖರೆ.

ಮೊದಲ ದಿನದ ವಾದವನ್ನು ಅಪ್ಪ ಎತ್ತಿನಿಂದ ಆರಂಭಿಸಿದ. “ಎತ್ತು ಕೊಳ್ಳುವಾಗ ಕರಾ ತಗೋತಾರೇನು? ಹೂಡಿ, ಪಳಗಿ, ಎರಡು ವರ್ಷ ದುಡದದ್ದನ್ನ ನೋಡಿ ತಗೋತಾರ. ಹೊಸಾ ಗಾಡಿ ಅಂದ್ರ ಕರಾ ಇದ್ಹಂಗ. ಅದರ ಸ್ವಭಾವ ಯಾರಿಗೆ ಗೊತ್ತು?”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅದು ನಮ್ಮ ಮನೆಯಲ್ಲಿ ಗಂಭೀರ ಸೂಚನೆ.

“ನೋಡ್ರಿ, ನಾ ನಮ್ಮಪ್ಪಗ ಮೂರನೇ ಮಗಳು. ದೊಡ್ಡಕ್ಕಗ ಹೊಲಿಸಿದ ಲಂಗಾ ಸಣ್ಣಕ್ಕಗ, ಸಣ್ಣಕ್ಕ ಉಟ್ಟು ಬಿಟ್ಟದ್ದು ನನಗ. ಸ್ಲೇಟು ಒಡದದ್ದು, ಪುಸ್ತಕ ಹರದದ್ದು. ಲಗ್ನ ಆಗಿ ಇಲ್ಲಿಗೆ ಬಂದ್ರ ನಿಮ್ಮವ್ವನ ಒರಳು, ನಿಮ್ಮವ್ವನ ಒಲಿ. ಹೊಸಾದು ಅಂತ ನನ್ನ ಪಾಲಿಗೆ ಬಂದದ್ದು ನೀವೊಬ್ರ.”

ಅಪ್ಪ, “ಹೊಸಾದು ತಗೊಂಡು ನೀ ಏನ ಸುಖಾ ಪಟ್ಟಿ, ಅದನ್ನರ ಹೇಳು” ಎಂದ.

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಪ್ಪ ಗೆದ್ದನೆಂದು ಯಾರೂ ತಿಳಿಯಬಾರದು. ಆ ರಾತ್ರಿಯ ರೊಟ್ಟಿಗಳು ದಪ್ಪಗಿದ್ದವು.

ಎರಡನೆಯ ವಾದ ಪಂಚಾಂಗದ ಮೇಲೆ ನಡೆಯಿತು. ಆಷಾಢ ಹಿಡಿದಿತ್ತು. ಆಷಾಢ ಮುಗಿದು ಶ್ರಾವಣ ಹುಟ್ಟಿದ ಐದನೆಯ ದಿನಕ್ಕೆ ಪಂಚಮಿ. ಅಂದರೆ ಪಂಚಮಿಯ ಮಾಲಿಗೆ ಗಾಡಿ ಬೇಕಾದರೆ ಆಷಾಢದಲ್ಲೇ ತರಬೇಕು.

“ಆಷಾಢದಾಗ ಹೊಸಾದು ಮನೀಗೆ ತರಬಾರದು” ಎಂದ ಅಪ್ಪ.

“ಹಳೇದು ತರಬಹುದೇನು?”

“ಹಳೇದು ಹೊಸಾದಲ್ಲಲ್ಲ.”

“ನಮಗ ಅದು ಹೊಸಾದ ಅಲ್ಲೇನ್ರಿ?”

“ನಮಗ ಹೊಸಾದು. ಆಷಾಢಕ್ಕ ಹಳೇದು.”

ಮುಂದೆ ಕೆಲಸದ ನಿಮಿತ್ತ ನಾನು ಕೋರ್ಟಿನ ತೀರ್ಪುಗಳನ್ನು ಕೆಲವು ಓದಿದ್ದೇನೆ. ಇಷ್ಟು ಚೊಕ್ಕಟವಾದದ್ದು ಕಂಡಿಲ್ಲ.

ಆದರೂ ತೀರ್ಮಾನ ಆಗಲಿಲ್ಲ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ಸಾಹುಕಾರರು ತಮ್ಮ ಪಿಕಪ್ಪನ್ನು ಮಾರುತ್ತಾರೆಂದು ಸುದ್ದಿ ಬಂದಾಗ ಅಪ್ಪ, “ನೋಡಿ ಬರೂಣು. ನೋಡಾಕ ಆಷಾಢ ಅಡ್ಡ ಬರೂದಿಲ್ಲ. ಮನಸಿಗೆ ಬರಲಿಲ್ಲಂದ್ರ ಹುಬ್ಬಳ್ಳ್ಯಾಗ ಹೊಸಾದು ಬುಕ್ ಮಾಡೂಣು” ಎಂದು ಎರಡೂ ಪಕ್ಷಕ್ಕೆ ಒಪ್ಪುವ ಒಂದು ಮಾತು ಹೇಳಿದ. ಹೊಸದಕ್ಕೆ ಇನ್ನೂ ಜೀವವಿತ್ತು.

ಗಾಡಿ ಪರೀಕ್ಷಿಸಲು ಮೆಕ್ಯಾನಿಕ್ಕನನ್ನು ಕರೆದೊಯ್ಯುವುದು ಲೋಕದ ರೂಢಿ. ಅಪ್ಪ ಹಾವೇರಿ ದನದ ಪೇಟೆಯಿಂದ ಒಬ್ಬ ದಲ್ಲಾಳಿಯನ್ನು ಕರೆಸಿದ. ಇಪ್ಪತ್ತು ವರ್ಷಗಳಿಂದ ನಮ್ಮ ತುಂಡು ಹೊಲಕ್ಕೆ ಎತ್ತು ಕೊಡಿಸುತ್ತ ಬಂದವರು ಅವರು. “ಮೆಕ್ಯಾನಿಕ್ಕಗ ಇಂಜಿನ್ ಅಷ್ಟ ಗೊತ್ತಾಗ್ತೈತಿ. ಮಾರೋ ಮನಶ್ಯಾನ ಮಾರಿ ನೋಡಾಕ ದಲ್ಲಾಳಿನ ಬೇಕು” ಎಂಬುದು ಅಪ್ಪನ ವಾದ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಹಸಿರು ಟವೆಲ್ಲು, ಕೈಯಲ್ಲಿ ಬಾರುಕೋಲು. ಪಿಕಪ್ಪಿಗೆ ಬಾರುಕೋಲು ಏಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಿಬಿಡಬೇಕು. ಅಪ್ಪ ಎಲ್ಲ ವಿಷಯದಲ್ಲೂ ವಿಚಾರವಂತ, ಸೀನಿನ ವಿಷಯ ಒಂದನ್ನು ಬಿಟ್ಟು. ಕೆಲಸಕ್ಕೆ ಕೈ ಹಾಕುವಾಗ ಯಾರಾದರೂ ಒಂದು ಸೀನು ಸೀನಿದರೆ ಅದು ಒಂಟಿ ಸೀನು. ಕೆಲಸ ಅಲ್ಲಿಗೇ ನಿಲ್ಲಬೇಕು. ಹಿಂದೆಯೇ ಇನ್ನೊಂದು ಬಿದ್ದರೆ ಜೋಡಿ ಸೀನು, ದೇವರೇ ಹೌದೆಂದಂತೆ. ಒಮ್ಮೆ ಮನೆಗೆ ನೆಗಡಿ ಬಂದು ಇಡೀ ಮಧ್ಯಾಹ್ನ ಅಪ್ಪ ಹೊಸ್ತಿಲ ಒಳಗೇ ನಿಂತಿದ್ದ.

ಇಂಥ ಮನುಷ್ಯ ಬ್ಯಾಡಗಿಗೆ ಹೋಗಿ ವ್ಯಾಪಾರ ಮಾಡುವುದೆಂದರೆ ಏನರ್ಥ ಎಂಬುದು ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಸುಗ್ಗಿ ಮುಗಿದು ತಿಂಗಳುಗಳಾಗಿದ್ದರೂ ಬ್ಯಾಡಗಿಯ ಗಾಳಿಯಲ್ಲಿ ಮೆಣಸಿನಕಾಯಿ ಇತ್ತು. ಅಲ್ಲಿ ಅದು ವರ್ಷವಿಡೀ ಇರುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಆ ಊರಿನ ಕಾಯಿಗೆ ಹೆಸರು. ನಾಲಿಗೆಗೆ ತೋರಿಸುವ ದಯೆಯನ್ನು ಅದು ಮೂಗಿಗೆ ತೋರಿಸುವುದಿಲ್ಲ. ಬಸ್ಸಿಳಿದ ಕೂಡಲೆ ನಾವು ಮೂವರೂ ಸೀನಿದೆವು. ಅಪ್ಪ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಕೆಲಸ ಇನ್ನೂ ಶುರುವಾಗಿರಲಿಲ್ಲ.

ಸಾಹುಕಾರರ ಗೋದಾಮಿನ ಅಂಗಳದಲ್ಲಿ ಪಿಕಪ್ ನಿಂತಿತ್ತು. ಕೆಂಪು ಎನ್ನಬಹುದಾದ ಬಣ್ಣ. ಕಾಗದಪತ್ರ ನೋಡುವ ಕೆಲಸ ನನ್ನದು, ನೋಡಿದೆ. ಆರ್.ಸಿ. ಪುಸ್ತಕದಲ್ಲಿ ಗಾಡಿಯ ಬಣ್ಣ ಬಿಳಿ ಎಂದಿತ್ತು. ಬರೆದವನ ಕೈತಪ್ಪು ಎಂದುಕೊಂಡು ಸುಮ್ಮನಾದೆ. ಓದು ಬರಹ ಬಲ್ಲವನ ಪಾಲು ಈ ವ್ಯಾಪಾರದಲ್ಲಿ ಅಷ್ಟೇ.

ಕಾಕಾ ಗಾಡಿಯನ್ನು ಒಂದು ಸುತ್ತು ಬಂದರು. ಮುಂದಿನ ಎರಡು ದೀಪಗಳನ್ನು ಬಹಳ ಹೊತ್ತು ದಿಟ್ಟಿಸಿ, “ಎಡಗಣ್ಣು ಮೆಳ್ಳೈತಿ” ಎಂದರು. ಬಾಗಿ ಟೈರು ಒತ್ತಿ ನೋಡಿ, “ಗೊರಸು ಸವದಾವು. ಆದ್ರ ಕುಂಟೂದಿಲ್ಲ” ಎಂದರು. ಬಾನೆಟ್ಟು ಎತ್ತಿಸಿ ಒಳಗೆ ಇಣುಕಿ, “ಹಲ್ಲು ಎಷ್ಟಾದವು?” ಎಂದು ಕೇಳಿದರು.

“ಆರನೇ ವರ್ಷ ನಡದೈತ್ರಿ” ಎಂದರು ಸಾಹುಕಾರರು. ಅವರಿಗೂ ದನದ ಭಾಷೆ ಬರುತ್ತಿತ್ತು.

“ಒದೆಯೂದು, ಹಾಯೂದು ಏನರ ಐತೇನು?”

“ಮುಂಜಾನಿ ಚಾವಿ ತಿರುವಿದಾಗ ಒಮ್ಮೆ ಒದೀತೈತ್ರಿ. ಆಮ್ಯಾಲ ಇಡೀ ದಿನ ಕೂಸು ಇದ್ಹಂಗ.”

ಕಾಕಾ ಬಾನೆಟ್ಟಿನ ನಡುವಿನ ತುಕ್ಕಿನ ಸುಳಿಯೊಂದನ್ನು ಬೆರಳಿನಿಂದ ಸುತ್ತಿ ನೋಡಿದರು. ಅಪ್ಪ ಉಸಿರು ಹಿಡಿದ. ಹಣೆಯ ಸುಳಿಯ ಮೇಲೆ ಎಷ್ಟೋ ಎತ್ತುಗಳ ಹಣೆಬರಹ ನಿರ್ಧಾರವಾದದ್ದನ್ನು ಅವನು ಕಂಡಿದ್ದ. “ಸುಳಿ ಬಲಕ್ಕ ತಿರುಗೈತಿ. ಬಾಧಕಿಲ್ಲ” ಎಂದರು ಕಾಕಾ.

ಆಮೇಲೆ ನಾನು ಗಾಡಿಯನ್ನು ಅಂಗಳದಲ್ಲಿ ಎರಡು ಸುತ್ತು ಓಡಿಸಿದೆ. ಕಾಕಾ ಪಕ್ಕದಲ್ಲಿ ನಡೆಯುತ್ತ ನಡಿಗೆ ನೋಡಿದರು. ಗಾಡಿಗಿಂತ ಅವರು ತುಸು ಮುಂದೆ ಇದ್ದರು.

ಇದನ್ನು ಕಂಡು ಸಾಹುಕಾರರು ಪ್ರಾಮಾಣಿಕರಾಗಿ ಒಂದು ಮಾತು ಹೇಳಿಬಿಟ್ಟರು. “ಗಾಡಿ ಗಟ್ಟಿ ಐತ್ರಿ. ಪಿಕಪ್ ಅಷ್ಟ ಸ್ವಲ್ಪ ಕಡಿಮಿ.”

ಅಪ್ಪ ಬೆರಗಾಗಿ ನೋಡಿದ. “ಅಲ್ರೀ ಸಾವ್ಕಾರ್ರ, ಪಿಕಪ್ ಅಂತ ಕೊಳ್ಳಾಕ ಬಂದೇವಿ. ಪಿಕಪ್ಪಿಗೇ ಪಿಕಪ್ ಇಲ್ಲಂದ್ರ ಒಳಗ ಮತ್ತೇನ ಉಳೀತು?”

“ನಿಮ್ಮ ಮಾಲು ಏನ್ರಿ?”

“ಮಂಡಕ್ಕಿ.”

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. “ಮಂಡಕ್ಕಿ ಹೇರಾಕ ಪಿಕಪ್ ಯಾಕ ಬೇಕ್ರಿ? ಗಾಳಿ ಬಿಟ್ರ ತಾನ ಹೋಗ್ತೈತಿ.”

ಮಾತು ಅಪ್ಪನ ಮನಸ್ಸಿಗೆ ಹಿಡಿಸಿತು. ಬೆಲೆಯನ್ನು ಸಾಹುಕಾರರೂ ಕಾಕಾನೂ ಟವೆಲ್ಲಿನ ಕೆಳಗೆ ಬೆರಳು ಹಿಸುಕಿಕೊಂಡು ಮುಗಿಸಿದರು. ಮುಖ ಮಾತ್ರ ಇಬ್ಬರದೂ ಆಕಾಶದ ಕಡೆಗಿತ್ತು. ಇನ್ನು ಉಳಿದದ್ದು ಎಲೆ-ಅಡಿಕೆ ಕೊಟ್ಟು ಮಾತು ಕಟ್ಟುವುದು. ಅಪ್ಪ ಚೀಲದಿಂದ ಎಲೆ ತೆಗೆದ. ಅಡಿಕೆ ಇಟ್ಟ. ಕೈ ಮುಂದೆ ಚಾಚಿದ.

ಕಾಕಾ ಸೀನಿದರು.

ಚಾಚಿದ ಕೈ ಅಲ್ಲೇ ನಿಂತಿತು. ಅಪ್ಪ ಕಾಕಾನನ್ನು ನೋಡಿದ, ಇನ್ನೊಂದು ಬರುವುದೇನೋ ಎಂದು. ಕಾಕಾ ಬಾಯಿ ತೆರೆದು, ಕಣ್ಣು ಅರ್ಧ ಮುಚ್ಚಿ, ಪ್ರಾಮಾಣಿಕವಾಗಿ ಪ್ರಯತ್ನಿಸಿ, “ಇಲ್ಲ, ಹ್ವಾತು” ಎಂದರು.

ಆ ಹೊತ್ತಿಗೆ ನನ್ನ ಮೂಗಿನಲ್ಲಿ ಒಂದು ಸೀನು ಅರ್ಧ ದಾರಿ ಬಂದಿತ್ತು. ನನಗೆ ಎಲ್ಲವೂ ಒಮ್ಮೆಲೇ ಸ್ಪಷ್ಟವಾಯಿತು. ಇದನ್ನು ತಡೆದರೆ ಒಂಟಿ ಸೀನು ಒಂಟಿಯಾಗಿಯೇ ಉಳಿದು, ಅಪ್ಪ ಎಲೆಯನ್ನು ಚೀಲಕ್ಕೆ ಹಾಕಿ, ನಾಳೆಯೇ ಹುಬ್ಬಳ್ಳಿಗೆ ಹೋಗಿ ಹೊಸದನ್ನು ಬುಕ್ ಮಾಡುತ್ತಾನೆ. ತುಟಿ ಕಚ್ಚಿದೆ. ಮೂಗು ಹಿಡಿದೆ. ಶೋರೂಮಿನ ಸೀಟನ್ನು, ಅದರ ಪ್ಲಾಸ್ಟಿಕ್ಕಿನ ಚರ್ ಚರ್ ಸದ್ದನ್ನು ನೆನೆದೆ. ಅವ್ವನ ಮೂರನೆಯ ಕೈಯ ಲಂಗವನ್ನೂ ನೆನೆದೆ. ಇಷ್ಟೆಲ್ಲ ನೆನೆದರೂ ಬ್ಯಾಡಗಿಯ ಮುಂದೆ ನಾನೆಷ್ಟರವನು! ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳು ಒಟ್ಟಿಗೇ ಹಾರುವಂತೆ ಸೀನಿದೆ.

“ಜೋಡಿ!” ಎಂದ ಅಪ್ಪ. ಮುಖ ಅರಳಿ ಎಲೆ-ಅಡಿಕೆಯನ್ನು ಸಾಹುಕಾರರ ಕೈಯಲ್ಲಿಟ್ಟ. ಸಾಹುಕಾರರು ಬೆರಳು ಮುಚ್ಚಿದರು. ಮುಚ್ಚುತ್ತಲೇ ಸೀನಿದರು.

ಮೂರು.

ಎರಡರ ಮೇಲೆ ಬಂದ ಮೂರನೆಯದು ಹೊಸ ಒಂಟಿಯೋ, ಹಳೆಯ ಜೋಡಿಗೆ ಬಾಲವೋ? ಅಪ್ಪನ ಶಾಸ್ತ್ರದಲ್ಲಿ ಇದಕ್ಕೆ ಆಧಾರವಿರಲಿಲ್ಲ.

“ಅಯ್ಯ, ನನ್ನ ಸೀನು ಯಾಕ ಹಿಡೀತೀರಿ?” ಎಂದು ಸಾಹುಕಾರರು ಗಾಬರಿಯಾದರು. “ಮುಂಜಾನಿಂದ ಎಷ್ಟು ಸೀನೇನೋ ನನಗ ಗೊತ್ತಿಲ್ಲ. ನಮ್ಮೂರಾಗ ಸೀನಿಗೆ ಶಕುನ ನೋಡಿದ್ರ ಒಂದ ಚೀಲ ಮಾರಾಕ ಆಗೂದಿಲ್ಲ್ರಿ.”

ಅಪ್ಪ ಕಾಕಾನ ಕಡೆ ತಿರುಗಿದ. “ದಲ್ಲಾಳ್ರ, ನೀವ ಹೇಳ್ರಿ.”

ಕಾಕಾ ಬಾರುಕೋಲನ್ನು ನೆಲಕ್ಕೂರಿ ತೀರ್ಪು ಕೊಟ್ಟರು. “ಮೊದಲಿನವು ಎರಡೂ ಜೋಡಿ ಆದ್ವು, ನೊಗಕ್ಕ ಕಟ್ಟಿದ್ಹಂಗ. ವ್ಯಾಪಾರ ಮುಗೀತು. ಈ ಮೂರನೇದು ಒಂಟಿ ಎತ್ತು. ಇದರ ಜೋಡಿ ಎಲ್ಲೋ ಮೇಯಾಕತ್ತೈತಿ, ಇವತ್ತಲ್ಲ ನಾಳೆ ಬರ್ತೈತಿ. ಬರೂತನಕ ಇದನ್ನ ಹಂಗ ಕಟ್ಟಿ ಹಾಕ್ರಿ.”

ಹೀಗೆ ನಾವು ಒಂದು ಪಿಕಪ್ಪನ್ನೂ, ಕಟ್ಟಿಹಾಕಿದ ಒಂದು ಸೀನನ್ನೂ ತೆಗೆದುಕೊಂಡು ಹೊರಟೆವು.

ಬ್ಯಾಡಗಿ ದಾಟಿತು. ಗಾಡಿಯ ಎರಡೂ ಕಿಟಕಿ ತೆಗೆದಿದ್ದೆವು. ಮೋಟೆಬೆನ್ನೂರಿನಲ್ಲಿ ಹೆದ್ದಾರಿಗೆ ಬಂದಾಗ ಹಸಿ ಹೊಲದ ಗಾಳಿ ಬೀಸಿತು. ಬ್ಯಾಡಗಿ ಹಿಂದೆ ಉಳಿದಿತ್ತು. ಬ್ಯಾಡಗಿಯ ವಾಸನೆ ಉಳಿದಿರಲಿಲ್ಲ. ಕಾಕಾ ಸೀನಿದರು, ನಾನು ಸೀನಿದೆ, ಅಪ್ಪ ಸೀನಿದ. ಜೋಡಿ ಎಣಿಸುತ್ತ ಬಂದ ಅಪ್ಪ ಒಂದು ಹಂತದಲ್ಲಿ ಎಣಿಕೆ ಬಿಟ್ಟು, ಬೆರಳಿನಿಂದ ಸೀಟನ್ನು ಒರೆಸಿ ನೋಡಿದ. ಬೆರಳು ಕೆಂಪಗಾಯಿತು.

“ಅಲ್ಲೋ,” ಎಂದ ಮೆಲ್ಲಗೆ, “ಕಣ್ಣು ನೋಡಿದಿವಿ, ಗೊರಸು ನೋಡಿದಿವಿ, ಸುಳಿ ನೋಡಿದಿವಿ. ಯಾರರ ಒಬ್ರು ಗಾಡಿ ಮೂಸಿ ನೋಡಿದಿವೇನು?”

“ಬ್ಯಾಡಗ್ಯಾಗ ನಿಂತು ಏನ ಮೂಸೂದ್ರಿ?” ಎಂದರು ಕಾಕಾ. “ಅಲ್ಲೆ ಗುಲಾಬಿ ಹೂ ಮೂಸಿದ್ರೂ ಅದ ವಾಸನಿ.”

ಅದು ನಿಜ. ಆ ತಪ್ಪನ್ನು ಮಾಡಲು ಬ್ಯಾಡಗಿಯ ಅಂಗಳವೇ ಬೇಕು. ಆರು ಸುಗ್ಗಿಯ ಮೆಣಸಿನಕಾಯಿ ಪುಡಿ ಆ ಗಾಡಿಯ ಹಲಗೆಯ ಸಂದು, ಸೀಟಿನ ಹೊಲಿಗೆ, ಬಾಗಿಲ ತಿರುಗಣಿಗಳಲ್ಲಿ ಮನೆ ಮಾಡಿಕೊಂಡಿತ್ತು. ಮಂಡಕ್ಕಿಯಾದರೋ ಪಕ್ಕದಲ್ಲಿ ಇಟ್ಟದ್ದರ ವಾಸನೆಯನ್ನು ಎಳೆದುಕೊಳ್ಳುವ ಸ್ವಭಾವದ್ದು.

ಮನೆಯ ಮುಂದೆ ಗಾಡಿ ನಿಲ್ಲಿಸುವ ಮೊದಲೇ ಅವ್ವ ಹೊರಗೆ ಬಂದಳು. “ಪಿಕಪ್ ಎಲ್ರಿ? ಮೆಣಸಿನಕಾಯಿ ತಂದಾರಂತ ನಾ ತೊಟ್ಟು ಬಿಡಸಾಕ ಬುಟ್ಟಿ ತಂದೇನಿ.”

ನಡೆದದ್ದನ್ನೆಲ್ಲ ಹೇಳಿದೆವು. ಅವ್ವ ಗಮನವಿಟ್ಟು ಕೇಳಿ ಒಂದೇ ಪ್ರಶ್ನೆ ಹಾಕಿದಳು. “ಮೂರನೇದು?”

“ಕಟ್ಟಿ ಹಾಕೇವಿ” ಎಂದ ಅಪ್ಪ.

“ಯಾವ ಗ್ವಾದ್ಲಿಗೆ?”

ಅವತ್ತಿನಿಂದ ಆ ಸೀನು ನಮ್ಮ ಮನೆಯ ಒಬ್ಬ ಸದಸ್ಯನಾಯಿತು. ಅಪ್ಪ ಗಾಡಿಯನ್ನು ಹೊಗಳಲು ಬಾಯಿ ತೆರೆದರೆ ಸಾಕು, ಅವ್ವ ಒಳಗಿನಿಂದಲೇ, “ಮೂರನೇದಕ್ಕ ಮೇವು ಹಾಕಿದ್ರೇನ್ರಿ?” ಎಂದು ಕೂಗುತ್ತಿದ್ದಳು.

ಕಾಕಾನ ಸಲಹೆಯಂತೆ ಗಾಡಿಯನ್ನು ಐರಣಿಗೆ ಒಯ್ದು ಹೊಳೆಯಲ್ಲಿ ಎತ್ತು ಮೈತೊಳೆಯುವ ರೀತಿಯಲ್ಲೇ ತೊಳೆದೆವು. ಅಪ್ಪ ತೆಂಗಿನ ನಾರಿನಿಂದ ಬೆನ್ನು ತಿಕ್ಕಿದ. ನಾನು ಬಕೆಟ್ಟಿನಿಂದ ನೀರು ಸುರಿದೆ. ತುಂಗಭದ್ರೆಯ ಅಂಚಿನಲ್ಲಿ ನೀರು ಕೆಂಪು ಗೆರೆಯಾಗಿ ಹರಿದು ಹೋಯಿತು. ಒಂದು ತಾಸಿನ ಮೇಲೆ ಹಿಂದೆ ಸರಿದು ನಿಂತು ನೋಡಿದರೆ ಗಾಡಿ ಬಿಳಿ! ಆರ್.ಸಿ. ಪುಸ್ತಕ ಬರೆದ ಆ ಅಜ್ಞಾತ ಗುಮಾಸ್ತನಿಗೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

“ನೋಡು, ಹೊಸಾದ ಆತು” ಎಂದ ಅಪ್ಪ. ಮನೆಯಲ್ಲಿ ಅವ್ವನೂ ಒಪ್ಪಿಕೊಳ್ಳುವ ಹಾಗೆ ಕಂಡಳು. ಆದರೆ ಮೈ ತೊಳೆದರೂ ಒಳಗಿನದು ಹೋಗಿರಲಿಲ್ಲ. ವಾರದ ಮೇಲೆ ಗಾಡಿಯ ಹಿಂಬಾಗಿಲ ಮೂಲೆಗೆ ಹಿಡಿದಿದ್ದ ಮಣ್ಣಿನಲ್ಲಿ, ಹಲಗೆಯ ಸಂದಿನೊಳಗಿಂದ, ಎರಡೆಲೆಯ ಒಂದು ಮೆಣಸಿನ ಸಸಿ ತಲೆ ಎತ್ತಿತು. ಅವ್ವ ದಿನಾ ಮುಂಜಾನೆ ಅದಕ್ಕೆ ಒಂದು ಬೊಗಸೆ ನೀರು ಹಾಕಿ, ದಾರಿಯಲ್ಲಿ ಹೋಗುವವರಿಗೆಲ್ಲ, “ನಮ್ಮನ್ಯಾವ್ರು ಹೊಲಾ ಕೊಂಡಾರ, ನಾಕು ಗಾಲಿ ಮ್ಯಾಲೈತಿ” ಎಂದು ತೋರಿಸುತ್ತಿದ್ದಳು.

ಪಂಚಮಿ ಬಂತು. ಹಬ್ಬಕ್ಕೆ ಮೂರು ದಿನ ಮೊದಲು ಮಾಲು ಹೇರಿದೆವು. ಹಲಗೆಗೆ ತಟ್ಟು ಹಾಸಿ, ಅದರ ಮೇಲೆ ಹಳೆಯ ಪೇಪರು ಹಾಸಿ, ಚೀಲ ಒಟ್ಟಿ, ತಾಡಪತ್ರಿ ಬಿಗಿದು ಕಟ್ಟಿದೆವು. ಅವ್ವನ ತವರು ಹೊಸರಿತ್ತಿ. ಹಾವೇರಿಗೆ ಹೋಗುವ ಗಾಡಿಯಲ್ಲೇ ಅವಳನ್ನೂ ಕರೆದೊಯ್ದು ಬಿಟ್ಟುಬರುವುದೆಂದಾಯಿತು. ಹೊಸ ಸೀರೆ ಉಟ್ಟು, ಸೀಟಿನ ಮೇಲೆ ಕಂಬಳಿ ಹಾಸಿಕೊಂಡು, ಮೂಗಿಗೆ ಸೆರಗು ಹಿಡಿದು ನನ್ನ ಮತ್ತು ಅಪ್ಪನ ನಡುವೆ ಕೂತಳು.

ಮಂಡಕ್ಕಿಗೆ ತೂಕವಿಲ್ಲವೆಂದು ಸಾಹುಕಾರರು ಹೇಳಿದ್ದು ಸರಿ. ಎತ್ತರ ಇದೆಯೆಂಬುದನ್ನು ಅವರು ಹೇಳಿರಲಿಲ್ಲ. ಎದುರುಗಾಳಿಗೆ ಆ ಗುಡ್ಡ ಒಡ್ಡಿಕೊಂಡು, ಪಿಕಪ್ ಇಲ್ಲದ ಪಿಕಪ್ಪು ಹೆದ್ದಾರಿಯಲ್ಲಿ ಧ್ಯಾನಕ್ಕೆ ಕೂತವರಂತೆ ಸಾಗುತ್ತಿತ್ತು. ಸೈಕಲ್ಲಿನವನೊಬ್ಬ ನಮ್ಮ ಜೊತೆಜೊತೆಗೆ ಬಹಳ ದೂರ ಬಂದ. ಅವ್ವ ಅವನಿಗೆ, “ತಮ್ಮಾ, ನೀ ಮುಂದ ಹ್ವಾದ್ರ ನಾವು ಬರಾಕತ್ತೇವಂತ ಹಾವೇರ್ಯಾಗ ಹೇಳಪಾ” ಎಂದು ಹೇಳಿ ಕಳಿಸಿದಳು.

ಹಾವೇರಿ ಮುಟ್ಟಿದಾಗ ಸಣ್ಣಗೆ ಹನಿ ಹಿಡಿದಿತ್ತು. ಯಜಮಾನರು ಅಂಗಡಿಯ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದರು. ಅಪ್ಪ ತಾಡಪತ್ರಿ ಸರಿಸಿ ಹಿಂದಿನ ತುದಿಯ ಒಂದು ಚೀಲದ ಬಾಯಿ ಬಿಚ್ಚಿದ. ಯಜಮಾನರು ಒಂದು ಮುಷ್ಟಿ ತೆಗೆದರು. ಕಿವಿಗೆ ಹಿಡಿದರು. ಹಿಸುಕಿದರು.

ಕರಮ್ ಎಂಬ ಸದ್ದು ಗಾಡಿಯೊಳಗೆ ಕೂತ ನಮಗೂ ಕೇಳಿಸಿತು.

“ಮಾತಾಡತೈತಿ!” ಎಂದರು ಯಜಮಾನರು. “ಬರೇ ಮಾತಾಡೂದಲ್ಲ, ಭಾಷಣಾ ಮಾಡಾಕತ್ತೈತಿ.”

ಅಪ್ಪನ ಭುಜ ಒಂದು ಗೇಣು ಮೇಲೇರಿತು. ಯಜಮಾನರು ಸಂತೋಷಕ್ಕೆ ಇನ್ನೊಂದು ಮುಷ್ಟಿ ತೆಗೆಯಲೆಂದು ಚೀಲದ ಮೇಲೆ ಬಾಗಿದರು. ಮುಖ ಚೀಲದ ಬಾಯಿಗೆ ಬಂತು. ತಲೆ ಎತ್ತಿದರು. ಕಣ್ಣು ಸಣ್ಣಗಾದವು. ಸೀನಿದರು.

ಒಂದೇ.

ಕೈಯಲ್ಲಿದ್ದ ಚುರುಮರಿಯನ್ನು ಅವರು ಮೆಲ್ಲಗೆ ಚೀಲಕ್ಕೆ ವಾಪಸು ಹಾಕಿದರು. “ಒಂಟಿ” ಎಂದರು. “ಹಬ್ಬದ ಮಾಲು. ಒಂಟಿ ಸೀನಿನ ಮ್ಯಾಲ ಇಳಿಸಿಕೊಳ್ಳಾಕ ಆಗೂದಿಲ್ಲ್ರಿ. ಮಾಲಿನ ಮ್ಯಾಲ ನಂದೇನು ತಕರಾರಿಲ್ಲ. ಗಾಡಿ ತಿರುವ್ರಿ.”

ಬೇರೆ ಯಾರಾದರೂ ಆಗಿದ್ದರೆ ಜಗಳ ತೆಗೆಯುತ್ತಿದ್ದರು. ಅಪ್ಪ ಏನೆಂದು ವಾದಿಸಬೇಕು? ಯಜಮಾನರ ಜಾಗದಲ್ಲಿ ಅವನಿದ್ದರೂ ಇದನ್ನೇ ಹೇಳುತ್ತಿದ್ದ. ತನ್ನ ಶಾಸ್ತ್ರವೇ ತನ್ನ ಎದುರು ಕೊಡೆ ಹಿಡಿದು ನಿಂತಿತ್ತು.

“ಎರಡ ನಿಮಿಷ ನಿಂದ್ರಿ ಯಜಮಾನ್ರ,” ಎಂದ. “ಜೋಡಿ ಬಂದ್ರೂ ಬರಬಹುದು.”

ಯಜಮಾನರು ನ್ಯಾಯವಂತರು. ಮೂಗೆತ್ತಿ ಮೋಡದ ಕಡೆ ನೋಡುತ್ತ ನಿಂತರು. ಬರಲಿಲ್ಲ. ಹನಿ ಬೀಳುತ್ತಲೇ ಇತ್ತು. ಬಿಚ್ಚಿದ ಚೀಲದ ಬಾಯಲ್ಲಿ ಮೇಲಿನ ಚುರುಮರಿ ಒಂದೊಂದಾಗಿ ಮೆತ್ತಗಾಗುತ್ತಿರುವುದನ್ನು ಅಪ್ಪ ನೋಡುತ್ತಿದ್ದ. ಮುಚ್ಚಿದರೆ ಸೋತಂತೆ, ತೆರೆದಿಟ್ಟರೆ ಮಾಲು ಹೋದಂತೆ. ದಾವಣಗೆರೆಯ ಚೀಲಗಳು ಆ ಮೆಟ್ಟಿಲ ಮೇಲೆ ಇಳಿಯುವುದು ನನಗೆ ಆಗಲೇ ಕಾಣತೊಡಗಿತು.

ನಾನು ಓರೆಗಣ್ಣಿನಿಂದ ಅವ್ವನನ್ನು ನೋಡಿದೆ. ಹಳೆಯ ಗಾಡಿ ಬೇಡವೆಂದು ಮೊದಲಿನಿಂದಲೂ ಹೇಳಿದವಳು. ಈಗ ಸುಮ್ಮನೆ ಕೂತರೆ ಸಾಕು, ಗೆಲುವು ಅವಳದೇ. ಇನ್ನು ಇಪ್ಪತ್ತು ವರ್ಷ ಆ ಗೆಲುವಿನ ಮೇಲೆ ಜೀವನ ಮಾಡಬಹುದಿತ್ತು. ಅವಳು ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು.

“ಇಳಿ ಸ್ವಲ್ಪ” ಎಂದಳು ನನಗೆ.

ನಾನಿಳಿದೆ. ಅವಳೂ ಇಳಿದಳು. ಸೀಟಿನ ಮೇಲಿನ ಕಂಬಳಿ ತೆಗೆದಿಟ್ಟು, ಅದರ ಕೆಳಗಿನ ದಿಂಬನ್ನು ಎರಡೂ ಕೈಯಿಂದ ಕಿತ್ತುಕೊಂಡಳು. ಆ ದಿಂಬನ್ನು ನಾವು ಐರಣಿಯಲ್ಲಿ ತೊಳೆದಿರಲಿಲ್ಲ, ಹತ್ತಿ ನೀರು ಕುಡಿದೀತೆಂದು. ಅದನ್ನು ಹೊತ್ತು ನೇರವಾಗಿ ಅಂಗಡಿಯ ಮೆಟ್ಟಿಲ ಹತ್ತಿರ ಬಂದು, ಯಜಮಾನರ ಪಕ್ಕದ ಕಟ್ಟೆಗೆ ಧಪ್ಪನೆ ಬಡಿದಳು.

“ಏನ ಧೂಳೋ ಯವ್ವಾ ಈ ಗಾಡ್ಯಾಗ! ಹಬ್ಬದ ಸೀರಿ ಎಲ್ಲಾ ಹ್ವಾತು.” ಇನ್ನೊಮ್ಮೆ ಬಡಿದಳು. “ನೀವು ಮಾತಾಡ್ರಿ, ಮಾತಾಡ್ರಿ, ನಾ ನಡಕ ಬರೂದಿಲ್ಲ.” ಮೂರನೆಯ ಸಲ ಬಡಿದಳು.

ಕೆಂಪು ಮೋಡವೊಂದು ಎದ್ದು ಯಜಮಾನರ ಕೊಡೆಯ ಕೆಳಗೆ ಸೇರಿಕೊಂಡಿತು. ಹೊರಗೆ ಹೋಗಲು ಅದಕ್ಕೆ ದಾರಿ ಇರಲಿಲ್ಲ. ಯಜಮಾನರು ಏನೋ ಹೇಳಲು ಬಾಯಿ ತೆರೆದರು, ಹೊರಬಂದದ್ದು ಸೀನು. ಕೊಡೆ ಕೈಯಿಂದ ಹಾರಿ ಗಟಾರಕ್ಕೆ ಬಿತ್ತು.

“ಜೋಡಿ! ಜೋಡಿ ಆತು!” ಎಂದು ಅಪ್ಪ ಕುಣಿದೇಬಿಟ್ಟ.

ಯಜಮಾನರು ಕಣ್ಣೀರು ಒರೆಸಿಕೊಳ್ಳುತ್ತ ಅವ್ವನನ್ನು ನೋಡಿದರು, ದಿಂಬನ್ನು ನೋಡಿದರು, ಮತ್ತೆ ಅವ್ವನನ್ನು ನೋಡಿದರು. “ತಂಗಿ,” ಎಂದರು, “ಸೀನು ತಾನಾಗೇ ಬರಬೇಕವಾ. ಬಡದು ಬರಿಸಿದ್ದು ಶಾಸ್ತ್ರಕ್ಕ ನಡೀತೈತೇನು?”

“ಮೂಗು ನಿಮ್ಮದು, ಸೀನು ನಿಮ್ಮದು ಅಣ್ಣಾ. ನಾ ದಿಂಬು ಝಾಡಿಸೇನಿ ಅಷ್ಟ.”

ಯಜಮಾನರು ನಕ್ಕು, “ಇಳಸ್ರಿ, ಇಳಸ್ರಿ, ಲಗೂ ಇಳಸ್ರಿ, ಮೆತ್ತಗಾಗ್ತೈತಿ” ಎಂದರು. ಇಳಿಸುವಾಗ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. “ಒಂದೀಟು ಖಾರ ಹತ್ತೈತಲ್ರಿ. ಇರ್ಲಿ. ಒಗ್ಗರಣ್ಯಾಗ ಗಿರಾಕಿಗೆ ಮೆಣಸಿನಕಾಯಿ ಉಳೀತು. ಮುಂದಿನ ವಾರನೂ ಇದ ಗಾಡ್ಯಾಗ ತರ್ರಿ.”

ಕೊನೆಯ ಚೀಲ ಇಳಿಯಿತು. ಅಪ್ಪ ತಾಡಪತ್ರಿ ಮಡಿಸುತ್ತಿದ್ದ. ಆಗ ದಿಂಬನ್ನು ಸೀಟಿಗೆ ಇಡುತ್ತಿದ್ದ ಅವ್ವ ಸೀನಿದಳು. ಒಂದೇ ಒಂದು ಸೀನು, ಸ್ಪಷ್ಟವಾಗಿ, ಹಬ್ಬದ ಸೀರೆಗೆ ತಕ್ಕ ಘನತೆಯಿಂದ.

ಅಪ್ಪನ ಕೈ ನಿಂತಿತು. ಯಜಮಾನರು ಮೆಟ್ಟಿಲ ಮೇಲೆ ನಿಂತರು. ನಾನು ಚಾವಿಯ ಮೇಲಿನ ಕೈ ತೆಗೆದೆ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೆದರಬ್ಯಾಡ್ರಿ,” ಎಂದಳು ಅಪ್ಪನಿಗೆ. “ಇದು ಒಂಟಿ ಅಲ್ಲ. ಬ್ಯಾಡಗ್ಯಾಗಿಂದು ಒಂದು ಕಟ್ಟಿ ಹಾಕಿದ್ರಲ್ಲ, ಅದರ ಜೋಡಿ ಸಿಕ್ತು.”

ಅಪ್ಪ ತಾಡಪತ್ರಿಯ ಕೊನೆಯ ಮಡಿಕೆ ಹಾಕಿದ. “ಹೌದಲ್ಲ! ಛಲೋ ಆತು ಬಿಡು. ಆದ್ರ ಈ ಜೋಡಿ ಯಾವ ಕೆಲಸಕ್ಕ?”

“ಹೊಸಾ ಗಾಡಿಗೆ” ಎಂದು ಹೇಳಿ ಅವ್ವ ಹತ್ತಿ ಕೂತಳು.

ತನ್ನ ಶಾಸ್ತ್ರದ ಪ್ರಕಾರವೇ ಕಟ್ಟಿದ ಮಾತು, ಅಪ್ಪ ತಪ್ಪಿಸಿಕೊಳ್ಳುವಂತಿರಲಿಲ್ಲ. ಆದರೂ ಆರು ವರ್ಷ ಎಳೆದ. ಕಡೆಗೆ ಹೊಸ ಪಿಕಪ್ಪು ಬಂದ ದಿನ ಅವ್ವ ಹಾವೇರಿಯ ಏಲಕ್ಕಿ ಹಾರ ತರಿಸಿ ಅದಕ್ಕೆ ಹಾಕಿಸಿದಳು. ಸೀಟಿನ ಪ್ಲಾಸ್ಟಿಕ್ಕನ್ನು ಎರಡು ವರ್ಷ ಯಾರಿಗೂ ಹರಿಯಗೊಡಲಿಲ್ಲ. ಹಳೆಯ ಗಾಡಿಯನ್ನು ಕೊಟ್ಟೆವು. ಅದರ ದಿಂಬನ್ನು ಮಾತ್ರ ಅವಳು ಕೊಡಲಿಲ್ಲ. ಹೊಸ ಗಾಡಿಯ ಸೀಟಿನ ಹಿಂದೆ, ಜಾಕು ಮತ್ತು ಪಾನಾಗಳ ಪಕ್ಕದಲ್ಲಿ, ಪಾಲಿಥೀನ್ ಚೀಲದಲ್ಲಿ ಸುತ್ತಿ ಇಟ್ಟಳು. ಹಾವೇರಿಗೆ ಮಾಲು ಹೊರಡುವ ದಿನ ಅದು ಅಲ್ಲಿದೆಯೇ ಎಂದು ಅಪ್ಪ ತಾನೇ ಒಮ್ಮೆ ಮುಟ್ಟಿ ನೋಡುತ್ತಿದ್ದ.